ಒರೆಸಿದ ಶಾಯಿ

ಹೆರಿಗೆ ವಾರ್ಡಿನ ಆಯಾ ಮೂವತ್ತು ವರ್ಷ ಮಾಡಿದ್ದು ಇದನ್ನೇ. ನೋವಿನಲ್ಲಿ ಒದ್ದಾಡುವ ಹೆಂಗಸಿನ ಹೆಬ್ಬೆಟ್ಟು ಹಿಡಿದು, ಮುಂದೆ ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಒತ್ತಿಸುವುದು. ಆಮೇಲೆ ಅವಳು ಏನೂ ಕೇಳದಿರಲೆಂದು ಸ್ಪಿರಿಟ್ಟಿನ ಹತ್ತಿಯಲ್ಲಿ ಶಾಯಿ ಒರೆಸುವುದು. "ಡಾಕ್ಟ್ರು ಹೇಳಿದ್ರು, ಮಾಡ್ದೆ" ಎನ್ನುತ್ತಿದ್ದಳು.

ನಿವೃತ್ತಿಯ ವಾರ ಹಳೆಯ ಕಡತ ಕಟ್ಟುವಾಗ ತನ್ನದೇ ಹೆಸರಿನ ಒಪ್ಪಿಗೆ ಪತ್ರ ಕೈಗೆ ಬಂತು. ಅದೇ ವಾರ್ಡಿನಲ್ಲಿ ಅವಳ ಮೊದಲ ಹೆರಿಗೆಯಾದ ದಿನದ್ದು. ಎರಡನೆಯ ಮಗುವಿಗಾಗಿ ಅವಳು ನುಂಗದ ಮಾತ್ರೆಯಿರಲಿಲ್ಲ, ಅತ್ತೆಯಿಂದ ಕೇಳದ ಮಾತಿರಲಿಲ್ಲ. ಸಹಿ ಮಾಡಲು ಬರುತ್ತಿದ್ದವಳ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತಿತ್ತು.

"ಏನಕ್ಕಾ ಅದು?" ಎಂದ ಗುಮಾಸ್ತ.

ಅವಳು ತನ್ನ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡಳು. "ಒಂಚೂರೂ ಶಾಯಿ ಉಳಿಸಿರ್ಲಿಲ್ಲ ಕಣಪ್ಪ, ಆಗಿನ ಆಯಾ. ನನ್ನಷ್ಟೇ ಚುರುಕು ಕೈ."