ಉದುರಿದ ಕೂದಲು

ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿತ್ತು. ಹುಡುಗಿಯಾಗಿದ್ದಾಗ ದಕ್ಷಿಣ ಕೊರಿಯಾದ ವಿಗ್ ಕಾರ್ಖಾನೆಯೊಂದರಲ್ಲಿ ಕೂದಲಿಗೆ ಗಂಟು ಹಾಕಿ ಹಾಕಿ ಹಾಗಾಗಿತ್ತಂತೆ. ಆಸ್ಟ್ರೇಲಿಯಾದ ಸನ್ನಿಬ್ಯಾಂಕ್ ಎಂಬ ಬಡಾವಣೆಯಲ್ಲಿ ನನ್ನ ಮಗಳ ಮನೆಯ ಪಕ್ಕದಲ್ಲಿ ಅವರೊಬ್ಬರೇ ಇದ್ದರು. ಮಗಳು ಕೆಲಸಕ್ಕೆ ಹೊರಟ ಮೇಲೆ ಇತ್ತ ನಾನೂ ಒಬ್ಬಳೇ.

ಸ್ನಾನ, ದೀಪ, ಜಡೆ, ಆಮೇಲೆ ಕಾಫಿ. ಮದುವೆಗೆ ಮುಂಚಿನಿಂದಲೂ ನಾನು ಈ ಕ್ರಮ ತಪ್ಪಿಸಿದವಳಲ್ಲ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು.

"ಅಮ್ಮಾ, ಶಾರ್ಟ್ ಮಾಡಿಸ್ಬಿಡೋಣ. ದಿನಾ ಜಡೆ ಹಾಕ್ತಾ ಕೂತ್ರೆ ನಂಗೆ ಆಫೀಸಿಗೆ ಲೇಟಾಗತ್ತೆ. ಸ್ಯಾಟರ್‌ಡೇ ಸಲೂನ್ ಬುಕ್ ಮಾಡಿದೀನಿ" ಎಂದಳು ಮಗಳು.

ಈ ಊರಿನ ಕನ್ನಡಿಯಲ್ಲಿ ನನ್ನ ಗುರುತು ಹಿಡಿಯಲು ನನಗೆ ಉಳಿದದ್ದು ಆ ಜಡೆಯೊಂದೇ.

ಮರುದಿನ ಹಿತ್ತಿಲಲ್ಲಿ ಎಡಗೈಯಿಂದ ಬಾಚಣಿಗೆಯೊಂದಿಗೆ ಗುದ್ದಾಡುತ್ತಿದ್ದೆ. ಪಕ್ಕದ ಮನೆಯವರು ಗೇಟು ತೆಗೆದು ಬಂದು, "ಸಿಟ್" ಎಂದು ಗದರಿ, ಜಡೆ ಹಾಕಿದರು. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ನಾನು ಅಭ್ಯಾಸದಂತೆ ಬೆರಳಿಗೆ ಸುತ್ತಿಕೊಂಡೆ. ಅವರು ನಕ್ಕು, ತಮ್ಮ ಜೇಬಿನಿಂದ ಅಂಥದ್ದೇ ಬಿಳಿಗೂದಲ ಉಂಡೆ ತೆಗೆದರು.

"ನೋ ಥ್ರೋ!"

ಅವರ ಊರಲ್ಲಿ ಬೀದಿ ವ್ಯಾಪಾರಿಗಳು ಉದುರಿದ ಕೂದಲು ಕೊಟ್ಟರೆ ಮಿಠಾಯಿ ಕೊಡುತ್ತಿದ್ದರಂತೆ. ನಮ್ಮ ಬೀದಿಯಲ್ಲಿ ಸ್ಟೀಲ್ ಪಾತ್ರೆ ಕೊಡುತ್ತಿದ್ದರು ಎಂದೆ. "ಸ್ಟೀಲ್! ಯೂ ರಿಚ್ ಲೇಡಿ!" ಎಂದು ಅಣಕಿಸಿದರು.

ಕೊರಿಯಾ ಯುದ್ಧ ಮುಗಿದ ಮೇಲೆ ಅವರ ದೇಶದಲ್ಲಿ ಮಾರಲು ಹೆಚ್ಚೇನೂ ಉಳಿದಿರಲಿಲ್ಲ. ಹೆಂಗಸರು ಕೂದಲು ಕತ್ತರಿಸಿ ಕೊಟ್ಟರು. ಅದು ವಿಗ್ ಆಗಿ ಹಡಗು ಹತ್ತಿತು. ದೊಡ್ಡ ಕಾರ್ಖಾನೆಗಳೆಲ್ಲ ಎದ್ದದ್ದು ಆಮೇಲೆ. ಅವರ ತಾಯಿಯ ಜಡೆಯೂ ಹಾಗೇ ಹೋಗಿತ್ತು. ಶುಕ್ರವಾರ ಸಂಜೆ ಮಗಳು ಕಾರು ನಿಲ್ಲಿಸುತ್ತಿದ್ದಾಗ ಸಲೂನಿನ ವಿಷಯ ನನ್ನಿಂದ ಕೇಳಿದ್ದ ಅವರು ಬಂದು ಬಾನೆಟ್ಟಿನ ಮೇಲೆ ತಟ್ಟಿದರು. ಅದು ಕೊರಿಯಾದ ಕಾರು.

"ದಿಸ್ ಕಾರ್, ಅಮ್ಮಾ ಹೇರ್."

ಅವರ ಮಾತಿನಲ್ಲೂ ತಾಯಿ ಎಂಬುದು ಅಮ್ಮಾ ಎಂದೇ ಕೇಳಿಸುತ್ತಿತ್ತು. ಅವರ ತಾಯಿಯ ಜಡೆಯ ಕಥೆಯನ್ನು ನಾನು ಮಗಳಿಗೆ ಹೇಳಿದೆ. ಮಗಳು ಅವರನ್ನು ನೋಡಿದಳು, ನನ್ನ ಜಡೆ ನೋಡಿದಳು, ಅಲ್ಲೇ ನಿಂತು ಸಲೂನಿಗೆ ಫೋನು ಮಾಡಿ ಬೇಡವೆಂದಳು.

ಮಣಿಕಟ್ಟು ಕೂಡಿಕೊಂಡ ಮೇಲೂ ಅವರು ಬರುತ್ತಲೇ ಇದ್ದರು. ಕೈ ಸರಿಹೋಯಿತೆಂದು ನಾನೂ ಹೇಳಲಿಲ್ಲ.

ಚಳಿಗಾಲದಲ್ಲಿ ಅವರು ಆಸ್ಪತ್ರೆ ಸೇರಿದರು. ಪರ್ತ್‌ನಿಂದ ಬಂದಿದ್ದ ಮಗ ಹೊರಗೆ ಫೋನಿನಲ್ಲಿದ್ದ. ನಾನು ಅವರ ತಲೆ ಬಾಚಿದೆ. ಕೂದಲು ಬಾಚಣಿಗೆಯ ಜೊತೆಗೇ ಬಂತು. ಕಣ್ಣು ಮುಚ್ಚಿಕೊಂಡೇ, "ನೋ ಥ್ರೋ" ಎಂದರು. ಅದನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ ಮನೆಗೆ ತಂದೆ. ಅದೇ ವಾರ ಹೋಗಿಬಿಟ್ಟರು.

ಈಗ ಜಡೆ ನಾನೇ ಹಾಕಿಕೊಳ್ಳುತ್ತೇನೆ, ಸ್ವಲ್ಪ ಸೊಟ್ಟ. ಉದುರಿದ್ದನ್ನು ಅವರ ಉಂಡೆಯ ಮೇಲೆಯೇ ಸುತ್ತುತ್ತೇನೆ. ಈ ಬೀದಿಯಲ್ಲಿ ಕೂದಲು ಕೇಳಿಕೊಂಡು ಯಾರೂ ಬರುವುದಿಲ್ಲ.