ಕೆಂಪು ದಾರದ ಇದ್ದಿಲು ಚೀಲ

ಇದು ಶುರುವಾದದ್ದು ಮೂರು ವರ್ಷದ ಹಿಂದೆ, ದಸರೆ ಕಳೆದ ವಾರ, ನಾಸಿಕದ ತೋಟಗಳಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಕಾಲದಲ್ಲಿ, ಬೆಳಗಿನ ಐದು ಗಂಟೆಗೆ. ಇವತ್ತೂ ಅದೇ ಹೊತ್ತು. ಅಂಬಡ್ ಕೈಗಾರಿಕಾ ಪ್ರದೇಶದ ಹಿಂದಿನ ವಸ್ತಿಯ ಅಂಚಿನಲ್ಲಿ ಗುಂಡವ್ವ ಕಬ್ಬಿಣದ ಡ್ರಮ್ಮಿಗೆ ಒಣಗಿದ ಬಳ್ಳಿ ತುಂಬಿ ಮೇಲಿನಿಂದ ಬೆಂಕಿ ಹಚ್ಚುತ್ತಾರೆ. ಬಿಳಿ ಹೊಗೆ ಏಳುತ್ತದೆ, ತೆಳುವಾಗುತ್ತದೆ, ಆಮೇಲೆ ಕಾಣದಂತಾಗುತ್ತದೆ. ಬೂದಿಯಾಗುವ ಮೊದಲೇ ನೀರು ಸುರಿಯಬೇಕು. ತಣ್ಣಗಾದ ಒಂದು ಚೂರನ್ನು ಕಲ್ಲಿನ ಮೇಲೆ ಬೀಳಿಸಿ ಕಿವಿಗೊಡುತ್ತಾರೆ.

"ಬಳೀ ಚೂರು ಬಿದ್ದಾಂಗ ಸಪ್ಪಳ ಬರಬೇಕ್ರಿ. ಥಪ್ ಅಂದ್ರ ಒಳಗ ಇನ್ನೂ ಕಟಗಿ ಐತಿ ಅಂತ."

ಗುಂಡವ್ವನಿಗೆ ಐವತ್ತೆಂಟು. ತಿಕೋಟಾ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ವಸ್ತಿಯ ಬಾವಿ ತಿಳಿಯಾಗಿದ್ದ ಕಾಲ ನನಗೂ ನೆನಪಿದೆ. ತಳಕ್ಕೆ ಬಿದ್ದ ಬಿಂದಿಗೆ ಕಾಣುತ್ತಿತ್ತು. ಆಮೇಲೆ ಮೇಲ್ಗಡೆ ಕಬ್ಬಿಣಕ್ಕೆ ಹೊಳಪಿನ ಲೇಪ ಕೊಡುವ ಒಂದು ಶೆಡ್ ಬಂತು. ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಅದು ಬಿಟ್ಟ ಹಳದಿ ನೀರು ಮಾತ್ರ ಮಣ್ಣಿನಿಂದ ಕಾಲುವೆಗೆ ಜಿನುಗಿ ಇನ್ನೂ ಬಾವಿ ಸೇರುತ್ತಿದೆ.

ಡ್ರಮ್ಮು ಮಾಡಿಕೊಟ್ಟವರು ಓಝರ್ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಶ್ರೀಪತಿ. ಹೀಗೆ ಸುಟ್ಟ ಇದ್ದಿಲಿಗೆ ಬಯೋಚಾರ್ ಅನ್ನುತ್ತಾರೆ, ಅದು ನೀರಿನ ವಿಷ ಹಿಡಿಯುತ್ತದೆ ಎಂದು ಕಲಿಸಿದವರೂ ಅವರೇ. "ಇಮಾನ ಮಾಡಿದ ಕೈ ಅವ್ರಿ. ಈ ಡಬ್ಬಿ ಹಾರೂದಿಲ್ಲ, ಹೊಗಿ ಅಷ್ಟ ಹಾರತೈತಿ," ಎಂದು ಗುಂಡವ್ವ ನಗುತ್ತಾರೆ.

ದಿನಕ್ಕೆ ಮೂರು ಡ್ರಮ್ಮು. ಇದ್ದಿಲು ಕುಟ್ಟಿ ಚೀಲ ತುಂಬಿ, ಬಾವಿಯ ಕಡೆ ಹರಿಯುವ ಕಾಲುವೆಗೆ ಅಡ್ಡಲಾಗಿ ಇಪ್ಪತ್ತು ಚೀಲ ಇಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಹಳೆಯವನ್ನು ಎತ್ತಿ ಹೊಸವನ್ನು ಇಳಿಸುತ್ತಾರೆ. ಪ್ರತಿ ಸೋಮವಾರ ಡಬ್ಬದಲ್ಲಿ ಮೆಂತ್ಯ ಬಿತ್ತಿ ಬಾವಿ ನೀರು ಹಾಕುತ್ತಾರೆ. ಮೊದಲ ವರ್ಷ ಮೊಳಕೆಯೇ ಒಡೆಯಲಿಲ್ಲ. ಈಗ ನಾಲ್ಕೆಲೆ ಹಸಿರಾಗಿ ನಿಲ್ಲುತ್ತದೆ. ನೀರು ಪರೀಕ್ಷೆ ಮಾಡುವವರು ಮಾತ್ರ, ಕುಡಿಯಲು ಇನ್ನೂ ಬೇಡ ಎಂದಿದ್ದಾರೆ.

ಎತ್ತಿದ ಹಳೆಯ ಚೀಲಗಳ ಬಾಯಿಗೆಲ್ಲ ಕೆಂಪು ದಾರ. ಅವನ್ನು ತಗಡಿನ ಗೂಡಿನಲ್ಲಿಟ್ಟು ಬೀಗ ಹಾಕುತ್ತಾರೆ. ಯಾಕೆಂದು ಕೇಳಿದರೆ ಮಾತು ನಿಧಾನವಾಗುತ್ತದೆ.

ಪಕ್ಕದ ಖೋಲಿಯಲ್ಲಿ ಸಾವಿತ್ರಿಬಾಯಿ ಇದ್ದರು, ಹದಿನೇಳು ವರ್ಷಗಳಿಂದ ಗೆಳತಿ. ಕೆಲಸ ಶುರುವಾದ ಮರುವರ್ಷದ ಮಳೆಗಾಲ. ಸೂರಿನಡಿ ಒಣಗಿ ಬಿದ್ದಿದ್ದ ಹಳೆಯ ಚೀಲ ನೋಡಿ, ಒಳ್ಳೆಯ ಇದ್ದಿಲು ಸುಮ್ಮನೆ ಹಾಳಾಗುತ್ತದಲ್ಲ ಎಂದು ಅವರು ಒಲೆಗೆ ಹಾಕಿದರು. ಎರಡು ದಿನ ಅದರಲ್ಲೇ ಅಡಿಗೆ. ಮೊಮ್ಮಗಳು ಗಗನಾ ಉಸಿರು ಸಿಕ್ಕಿಕೊಂಡು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಉಳಿದಳು.

"ಇದ್ದಲಿ ಇಷಾ ಹಿಡಿತೈತಿ ಅಂತ ವಸ್ತಿಗೆಲ್ಲಾ ಹೇಳಿದೆ ನೋಡ್ರಿ. ಹಿಡದದ್ದು ಅದರೊಳಗ ಕುಂತಿರತೈತಿ ಅನ್ನೂದು ಹೇಳಲಿಲ್ಲ. ಅಕಿ ಬೈಲಿಲ್ರಿ. 'ಗುಂಡೀ, ನನಗರೆ ಹೇಳಬೇಕಿತ್ತಲ್ಲವಾ' ಅಂದ್ಳು, ಅಷ್ಟ."

ಬಾವಿ ತಿಳಿಯಾದರೆ ಮೊದಲ ಕೊಡ ಯಾರದು ಎಂದು ಕೇಳಿದೆ.

"ನಾ ಹಗ್ಗ ಮುಟ್ಟೂದಿಲ್ರಿ. ಅಕಿ ಬಂದು ಸೇದಬೇಕು. ಫೋನ್ ಮಾಡಿದ್ರ, 'ಮೆಂತೆ ಬಂತೇನು?' ಅಂತ ಕೇಳ್ತಾಳ. ಬರ್ತೀನಿ ಅನ್ನೂದಿಲ್ಲ."

ಸಾವಿತ್ರಿಬಾಯಿ ವಸ್ತಿ ಬಿಟ್ಟು ಹೋದದ್ದು ಅದೇ ಮಳೆಗಾಲದ ನಾಗಪಂಚಮಿಯ ಹಿಂದಿನ ಸೋಮವಾರ. ಗಗನಾಳನ್ನು ಎತ್ತಿಕೊಂಡು, ಸಂಭಾಜಿನಗರದ ಹತ್ತಿರ ‘ಕನ್ನಡ’ ಎಂದೇ ಹೆಸರಿರುವ ಊರಿನಲ್ಲಿ ಹೊಲಗೆಲಸಕ್ಕಿರುವ ತಮ್ಮನ ಮನೆಗೆ, ಬೆಳಗಿನ ಎಸ್.ಟಿ. ಬಸ್ಸಿನಲ್ಲಿ. ಅವತ್ತೊಂದು ದಿನ ಗುಂಡವ್ವ ಮೆಂತ್ಯ ಬಿತ್ತಲಿಲ್ಲ.