ಮನೆಗೆ ಬಾರದ ಜಾಹೀರಾತು

ಹೈದರಾಬಾದಿಗೆ ಹೈದರಾಬಾದೇ ಸಾಫ್ಟ್‌ವೇರ್ ಹಿಂದೆ ಬಿದ್ದಿದ್ದ ಕಾಲದಲ್ಲಿ ನಾನು ನಾಚಾರಂನ ಸಣ್ಣ ಕಾರ್ಖಾನೆಯೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಂಡಿದ್ದೆ. ಕೆಟ್ಟದ್ದನ್ನು ಸರಿಮಾಡುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ. ಹೆಂಡತಿಯ ಹೊಟ್ಟೆಯಲ್ಲಿದ್ದ ಹೆಣ್ಣು ಕೂಸು ಏಳನೇ ತಿಂಗಳಲ್ಲಿ ತೀರಿಹೋದಾಗಲೂ, ಸರಿಮಾಡಲು ಏನಾದರೂ ಸಿಗುತ್ತದೇನೋ ಎಂದು ಹುಡುಕಿದೆ. ಸಿಕ್ಕಿದ್ದು ಫೋನಿನ ಜಾಹೀರಾತುಗಳು.

ನಮ್ಮ ಮನೆತನದಲ್ಲಿ ಕೂಸು ಹುಟ್ಟುವ ಮುಂಚೆ ಅದಕ್ಕೆಂದು ಏನೂ ತರುವುದಿಲ್ಲ. ಅವ್ವ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹಾಗಾಗಿ ಹೆಂಡತಿ ತೊಟ್ಟಿಲು, ಕುಂಚಿಗೆಗಳನ್ನು ಫೋನಿನಲ್ಲಿ ನೋಡಿಯೇ ಸಂತೋಷಪಟ್ಟಿದ್ದಳು. ಡಾಕ್ಟರು ಹೇಳಿದ್ದ ಹೆರಿಗೆಯ ದಿನವನ್ನೂ ಅದರಲ್ಲಿ ತುಂಬಿದ್ದಳು. ಆಸ್ಪತ್ರೆಯಿಂದ ಬಂದಾಗ ಮನೆಯಲ್ಲಿ ಎತ್ತಿಡಬೇಕಾದ ಸಾಮಾನು ಒಂದೂ ಇರಲಿಲ್ಲ. ಫೋನಿನಲ್ಲಿ ಮಾತ್ರ ಅಡುಗೆ ನೋಡಲು ಹೋದರೆ ತೊಟ್ಟಿಲು, ಸುದ್ದಿ ಓದಲು ಹೋದರೆ ಡೈಪರ್. ಅವ್ವನ ಫೋನಿಗೂ ಬಂತು. ಈ ಮಂದಿಗೆ ನಾಚಿಕೆ ಬೇಡವೇ?

ಕೋಠಿ ಬಜಾರಿಗೆ ಹೋಗಿ ಅಂಗೈಯಗಲದ ಕಂಪ್ಯೂಟರ್ ಬೋರ್ಡು ತಂದು, ಡಬ್ಬಿಯೊಂದರಲ್ಲಿ ಹಾಕಿ ವೈಫೈ ಪಕ್ಕ ಕೂರಿಸಿದೆ. ನಮ್ಮ ಕೋಣೆಗಳಲ್ಲಿ ಫೋನಿನ ಸಿಗ್ನಲ್ ಹಿಡಿಯುವುದಿಲ್ಲ, ಎಲ್ಲದಕ್ಕೂ ವೈಫೈಯೇ ಗತಿ. ಮನೆಯ ಯಾವ ಫೋನು ಜಾಹೀರಾತನ್ನು ಕರೆದರೂ ಈ ಡಬ್ಬಿ ಅಂಥ ವಿಳಾಸವೇ ಇಲ್ಲ ಎಂದುಬಿಡುತ್ತದೆ. ಅವರು ಹೊಸ ವಿಳಾಸ ಹುಟ್ಟಿಸುತ್ತಾರೆ, ನಾನು ಅದನ್ನೂ ತಡೆಯುತ್ತೇನೆ. ಒಮ್ಮೆ ಗ್ಯಾಸ್ ಬುಕ್ ಮಾಡುವ ಪುಟವೂ ನಿಂತುಹೋಗಿ ಅವ್ವ, "ನಿನ್ನ ಡಬ್ಬಿ ಹಾಳಾಗ್ಲಿ, ಒಲಿ ಹತ್ತೋದು ಹ್ಯಾಂಗ?" ಎಂದು ಒದರಾಡಿದಳು. ಅದನ್ನೂ ಸರಿಮಾಡಿದೆ. ಕೆಲಸ, ಊಟ, ಡಬ್ಬಿ, ನಿದ್ದೆ. ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಹೆಂಡತಿಯೂ ಅತ್ತದ್ದು ಕಾಣೆ. ಕೂಸಿನ ಮಾತೆತ್ತದೆ ಇಬ್ಬರೂ ವರ್ಷ ದಾಟಿಸಿದೆವು.

ಒಂದು ಭಾನುವಾರ ಡಬ್ಬಿಯ ಕೆಲಸಕ್ಕೆ ಕೂತಿದ್ದೆ. ಹೆಂಡತಿ ಮೆಂತ್ಯಸೊಪ್ಪು ಬಿಡಿಸುತ್ತ ಪಕ್ಕಕ್ಕೆ ಬಂದಳು.

"ರೀ, ಕೂಸಿನ ಸಾಮಾನಿಂದು ಬಂದ್ ಮಾಡೀರಲ್ಲ, ಅದನ್ನ ತಗದಬಿಡ್ರಿ."

"ಯಾಕ?"

"ಹೊರಗ ಹೋದಾಗ ನನ್ನ ಫೋನಿನ್ಯಾಗ ಬರ್ತಾವ. ಮೊದಲ ಕುಂಚಿಗಿ ಬರ್ತಿದ್ವು, ಆಮ್ಯಾಲೆ ಗಿಲಕಿ. ಈಗ ನಡಿಯೋ ಕೂಸಿನ ಬೂಟು ತೋರ್ಸಾಕತ್ತಾವ." ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಅದನ್ನ ನೋಡಾಕಂತನ ದಿನಾ ಸಂಜಿಮುಂದ ಬಸ್‌ಸ್ಟಾಪಿನ ತನಕಾ ಹೋಗಿ ಬರ್ತೀನಿ. ಅಕಿ ಬೆಳಿಯೋದು ಅಲ್ಲಷ್ಟ ಕಾಣ್ತೈತ್ರಿ."

ಕಾಯಿಪಲ್ಲೆಗೆ ಹೋಗುತ್ತಾಳೆಂದು ತಿಳಿದಿದ್ದೆ. ತಡೆದಿದ್ದ ವಿಳಾಸಗಳನ್ನು ಒಂದೊಂದಾಗಿ ಬಿಟ್ಟೆ. ಅವಳು ಕೈ ಒರೆಸಿಕೊಂಡು ಫೋನು ತಂದಳು. ಸ್ವಲ್ಪ ಹೊತ್ತಿಗೆ ಕೆಂಪು ಬಟ್ಟೆಯ ಬೂಟು ಬಂತು. ಅವಳು ಬೆರಳಿಟ್ಟಳು. ಮಗುವಿನ ಪಾದದ ಅಳತೆ ಆರಿಸಿ ಎಂದು ಕೇಳಿತು.

"ಪಾದ ಹ್ಯಾಂಗಿದ್ವು, ನೀವು ನೋಡಿದ್ರೇನ್ರಿ?" ಎಂದಳು.

ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಮುಖವಷ್ಟೇ ಕಂಡಿತ್ತು.